ಪತ್ರಿಕೆ ನಡೆಸಿದ ಸಾಲಿ ಮಾಸ್ತರು

ಮಕ್ಕಳೇ, ಈಗ ಪತ್ರಕರ್ತರಾಗಬೇಕೆಂದರೆ ಕಾಲೇಜುಗಳಿವೆ, ತರಬೇತಿ ಶಿಬಿರಗಳಿವೆ. ಅವೇನೂ ಇಲ್ಲದ ಕಾಲದಲ್ಲಿ ನಮ್ಮ ಹಾವೇರಿ ಸೀಮೆಯ ಮಾಸ್ತರೊಬ್ಬರು ಕೆಲಸ ಮಾಡುತ್ತಲೇ ಈ ವಿದ್ಯೆ ಕಲಿತರು. ಅವರೇ ವೆಂಕಟೇಶ ತಿರಕೋ ಕುಲಕರ್ಣಿ (1869–1942). ವರದಾ, ತುಂಗಭದ್ರೆಯರು ಕೂಡುವ ಗಳಗನಾಥ ಅವರ ಊರು. ಊರಿನ ಹೆಸರೇ ಅವರ ಹೆಸರಾಯಿತು.

ಆಗ ಈ ಭಾಗದಲ್ಲಿ ಮರಾಠಿಯದೇ ಜೋರು. ಮನೆಮಂದಿ ಕೂತು ಓದುವಂಥ ಕನ್ನಡ ಪುಸ್ತಕಗಳು ಕಡಿಮೆ. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, 'ಮಾಧವ ಕರುಣಾ ವಿಲಾಸ'ದಂಥ ಸ್ವಂತ ಕಾದಂಬರಿಗಳನ್ನೂ ಬರೆದರು. ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ನಡೆಸಿದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುವವರು ಯಾರು, ಅವರಿಗೆ ಯಾವ ಮಾತು ತಿಳಿಯುತ್ತದೆ ಎಂಬುದನ್ನು ಹೀಗೆ ತಿರುಗಿದವರಷ್ಟು ಬಲ್ಲವರು ಯಾರು?

ಈ ರಜೆಯಲ್ಲಿ ನೀವೂ ಕೈಬರಹದ ಪತ್ರಿಕೆ ಮಾಡಿ. ಹಿರಿಯರ ಜೊತೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೋ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೋ ಹೋಗಿ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆ ಕೇಳಿ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಹಾಗಾದರೆ ಕೊಳ್ಳುವವರು ಯಾರು, ಏಕೆ? ಅಲ್ಲೇ ಒಂದು ಸುದ್ದಿಯಿದೆ. ಕೇಳಿದ್ದನ್ನು ಇನ್ನೊಬ್ಬರ ಬಳಿ ಖಾತ್ರಿ ಮಾಡಿಕೊಂಡೇ ಬರೆಯಿರಿ.

ಅಜ್ಜ, ಅಜ್ಜಿಯರಿಗೂ ಒಂದು ಕೆಲಸವಿದೆ. ಮೊಮ್ಮಕ್ಕಳು ಬರೆದದ್ದನ್ನು ಓದಿಸಿ ಕೇಳಿ. ತಿಳಿಯದ ಸಾಲು ಬಂದರೆ ಸುಮ್ಮನೆ ತಲೆಯಾಡಿಸದೆ, "ಇದನ್ನ ಇನ್ನೊಮ್ಮೆ ಬರಿಯಪ್ಪಾ" ಅನ್ನಿ.