ಫಾರ್ಮ್ಯಾಟ್ ಆದ ಡ್ರೈವಿನಿಂದ ಕ್ಷೇತ್ರಕಾರ್ಯದ ಕಡತಗಳನ್ನು ಮರಳಿ ಪಡೆಯುವುದು: ಗಡಿನಾಡ ಕನ್ನಡ ಸಾಮಗ್ರಿಯ ನೆಲೆಯಿಂದ

ಇವತ್ತಿನ ವಿಷಯ ಸ್ವಲ್ಪ ತಾಂತ್ರಿಕವಾದದ್ದು. ಆದರೆ ಜಾನಪದ, ಭಾಷಾವಿಜ್ಞಾನ ಓದೋ ನಮಗೆ ದೂರದ್ದೇನಲ್ಲ. ನಾರ್ವ, ಮಕ್ತಲ್, ಗದ್ವಾಲ ಕಡೆ ಕನ್ನಡ ದಾಖಲಿಸುವವರು ಹಾಡು, ಕಥೆ, ಸಂದರ್ಶನ ಎಲ್ಲವನ್ನೂ ಲ್ಯಾಪ್‌ಟಾಪಿನ ‘ಡಿ’ ಡ್ರೈವಿಗೆ ಹಾಕಿ ಇಡ್ತೇವೆ. ವಿಂಡೋಸ್ ಹೊಸದಾಗಿ ಹಾಕುವಾಗ ‘ಸಿ’ ಬದಲು ‘ಡಿ’ ಫಾರ್ಮ್ಯಾಟ್ ಆದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಈ ಭಾಗಕ್ಕೆ ಇದು ಯಾಕೆ ಮುಖ್ಯ? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿದವು. ನಾರ್ವ, ಮಕ್ತಲ್ ಈಗ 2019ರಲ್ಲಿ ರಚನೆಯಾದ ನಾರಾಯಣಪೇಟೆ ಜಿಲ್ಲೆಯಲ್ಲಿವೆ. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು ಇರುವ ಕುಟುಂಬಗಳಲ್ಲಿ ಎಷ್ಟೋ ಹಾಡು ಹಿರಿಯರ ಬಾಯಲ್ಲಷ್ಟೇ ಇರುತ್ತವೆ. ಹಾಡಿದ ಅಜ್ಜಿ ತೀರಿಹೋದ ಮೇಲೆ ಆ ಕಡತಕ್ಕೆ ಇನ್ನೊಂದು ಮೂಲ ಸಿಗೋದಿಲ್ಲ.

ಫಾರ್ಮ್ಯಾಟ್ ಅಂದರೆ ಏನು? ನಮ್ಮ ಕಡೆಯ ಪಹಣಿ ನೆನಪಿಸಿಕೊಳ್ಳಿ. ಪಹಣಿ ಹರಿದರೂ ಹೊಲ ಅಲ್ಲೇ ಇರ್ತದ; ಯಾರದು, ಎಲ್ಲಿಂದ ಎಲ್ಲಿವರೆಗೆ ಅನ್ನೋದು ಮಾತ್ರ ತಿಳಿಯೋದಿಲ್ಲ. ‘ಕ್ವಿಕ್ ಫಾರ್ಮ್ಯಾಟ್’ ಮಾಡೋದು ಇಷ್ಟೇ: ಹಳೆಯ ಸೂಚಿಯ ಜಾಗದಲ್ಲಿ ಹೊಸ ಖಾಲಿ ಸೂಚಿ ಬರೆಯುತ್ತದೆ. ಹೊಲ ನಿಜವಾಗಿ ಕೈಬಿಡುವುದು ಬೇರೆಯವರು ಅಲ್ಲಿ ಬಿತ್ತಿದಾಗ, ಅಂದರೆ ಆ ಡ್ರೈವಿಗೆ ಹೊಸ ಕಡತ ಬರೆದಾಗ.

ಎರಡು ಸಂದರ್ಭಗಳಲ್ಲಿ ಈ ಮಾತು ನಡೆಯೋದಿಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ‘ಫುಲ್ ಫಾರ್ಮ್ಯಾಟ್’ ಡ್ರೈವಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಅದು ಪೂರ್ತಿಯಾಗಿದ್ದರೆ ಆಸೆ ಬಿಡಬೇಕು. ಎಸ್‌ಎಸ್‌ಡಿಯಲ್ಲಿ ‘ಟ್ರಿಮ್’ ಎಂಬ ಆದೇಶ ಇದೆ. ಫಾರ್ಮ್ಯಾಟ್ ಆದ ಕೂಡಲೇ ಈ ಜಾಗ ಬೇಕಿಲ್ಲ ಅಂತ ಡ್ರೈವಿಗೆ ಹೇಳಿಬಿಡುತ್ತದೆ. ಆಮೇಲೆ ಓದಿದರೆ ಸಾಮಾನ್ಯವಾಗಿ ಸೊನ್ನೆಗಳೇ ಬರುತ್ತವೆ. ಹಾಗಾಗಿ ಮುಂದೆ ಹೇಳೋದು ಮುಖ್ಯವಾಗಿ ತಿರುಗುವ ಹಾರ್ಡ್ ಡಿಸ್ಕಿಗೆ, ಮೆಮೊರಿ ಕಾರ್ಡಿಗೆ ಅನ್ವಯಿಸುತ್ತದೆ.

ಮೊದಲ ಕೆಲಸ ಡ್ರೈವ್ ಬಳಸೋದನ್ನ ನಿಲ್ಲಿಸುವುದು. ಮರಳಿ ಪಡೆಯುವ ಸಾಫ್ಟ್‌ವೇರನ್ನು ಅದೇ ಡ್ರೈವಿಗೆ ಹಾಕಬಾರದು. ಎರಡನೆಯದು, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ‘ಡಿಡಿರೆಸ್ಕ್ಯೂ’ ತರಹದ ಉಪಕರಣದಿಂದ ಇಡೀ ಡಿಸ್ಕಿನ ನಕಲು ತೆಗೆಯುವುದು. ಎಲ್ಲ ಪ್ರಯೋಗ ಆ ನಕಲಿನ ಮೇಲೆ. ಸಿಕ್ಕ ಕಡತಗಳು ಮೂರನೇ ಜಾಗಕ್ಕೆ.

ಹುಡುಕಲು ಎರಡು ದಾರಿ ಇವೆ. ಒಂದು, ಹಳೆಯ ಸೂಚಿಯ ಚೂರುಗಳನ್ನು ಹುಡುಕುವುದು. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಕಡತಕ್ಕೂ ಸಾಮಾನ್ಯವಾಗಿ 1,024 ಬೈಟಿನ ಒಂದು ದಾಖಲೆ ಇರುತ್ತದೆ: ಹೆಸರು, ದಿನಾಂಕ, ಇರುವ ಜಾಗ. ಹೊಸ ಸೂಚಿ ಚಿಕ್ಕದಾಗಿ ಶುರುವಾಗುವುದರಿಂದ ಹಳೆಯ ದಾಖಲೆಗಳಲ್ಲಿ ಬಹಳಷ್ಟು ಉಳಿದಿರಬಹುದು. ‘ಡಿಎಂಡಿಇ’ಯಂಥ ಸಾಧನಗಳು ಅವನ್ನು ಹೆಕ್ಕುತ್ತವೆ, ಫೋಲ್ಡರ್, ಹೆಸರುಗಳ ಸಮೇತ ಕಡತ ಬರುತ್ತದೆ. ಮೊದಲು ಈ ದಾರಿಯನ್ನೇ ಹಿಡಿಯಬೇಕು.

ಎರಡನೆಯದು, ಸೂಚಿಯನ್ನೇ ಬಿಟ್ಟು ಕಡತದ ಗುರುತು ಹುಡುಕುವುದು. ಜೆಪೆಗ್ ಚಿತ್ರ 255, 216, 255 ಎಂಬ ಬೈಟುಗಳಿಂದ ಶುರುವಾಗುತ್ತದೆ; ವೇವ್ ಧ್ವನಿಕಡತಕ್ಕೂ ತನ್ನದೇ ತಲೆಬರಹ ಇದೆ. ಕ್ರಿಸ್ಟೋಫ್ ಗ್ರೆನಿಯೆ ಅವರ ಉಚಿತ ತಂತ್ರಾಂಶ ‘ಫೋಟೋರೆಕ್’ ಇದನ್ನೇ ಮಾಡುತ್ತದೆ. ಒಂದೇ ಕಡತ ಚೂರುಚೂರಾಗಿ ಬೇರೆ ಬೇರೆ ಕಡೆ ಕೂತಿದ್ದರೆ ಅರ್ಧಂಬರ್ಧ ಬರುತ್ತದೆ.

ಇಲ್ಲಿ ಕನ್ನಡದ್ದೇ ಒಂದು ಸಮಸ್ಯೆ ಇದೆ. ಬರೀ ಪಠ್ಯದ ಕಡತಕ್ಕೆ ಇಂಥ ತಲೆಬರಹ ಇರೋದಿಲ್ಲ. ಆದರೆ ಯುನಿಕೋಡಿನ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟು. ಮೊದಲನೆಯದು 224, ಎರಡನೆಯದು 178 ಅಥವಾ 179. ಈ ಜೋಡಿಗಳು ದಟ್ಟವಾಗಿ ಕಂಡಲ್ಲಿ ಕನ್ನಡ ಬರಹ ಇದೆ ಅಂತ ತಿಳಿಯಬಹುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯಕ್ಕೆ ಈ ಉಪಾಯ ನಡೆಯೋದಿಲ್ಲ: ಡಿಸ್ಕಿನ ಮೇಲೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಡಾಕ್ಸ್ ಕಡತ ಜಿಪ್ ಆಗಿ ಕುಗ್ಗಿರುವುದರಿಂದ, ಅದನ್ನು ಹುಡುಕೋದು ಜಿಪ್ಪಿನ ಗುರುತಿನಿಂದ.

ಈಗ ನನ್ನ ಮುಖ್ಯ ಮಾತು. ಎರಡನೇ ದಾರಿಯಲ್ಲಿ ಹಾಡು ಸಿಗುತ್ತದೆ, ಹೆಸರು ಸಿಗೋದಿಲ್ಲ. ಯಾಕಂದರೆ ಕಡತದ ಹೆಸರು ಕಡತದ ಒಳಗಿಲ್ಲ, ಸೂಚಿಯಲ್ಲಿದೆ. ನೂರಾರು ಧ್ವನಿಕಡತಗಳು ಬರೀ ಸಂಖ್ಯೆ ಹೊತ್ತುಕೊಂಡು ಬರುತ್ತವೆ. ಬೀಸುವ ಪದ ಕಿವಿಗೆ ಬೀಳುತ್ತದೆ. ಹಾಡಿದವರು ನಾರ್ವದವರೋ, ಮಕ್ತಲಿನವರೋ, ಯಾವ ವರ್ಷದ್ದೋ ತಿಳಿಯದು. ಊರು ಗೊತ್ತಿಲ್ಲದ ಧ್ವನಿಯಿಂದ ಗಡಿಯ ಉಪಭಾಷೆಯ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು. ಅಂದರೆ ಹಾಡು ಉಳಿದರೂ ಸಂಶೋಧನೆಯ ಆಧಾರ ಹೋಗಿರುತ್ತದೆ.

ಆದ್ದರಿಂದ ನನ್ನ ಸೂಚನೆ ಸರಳ. ಧ್ವನಿಮುದ್ರಣ ಶುರು ಮಾಡಿದ ಕೂಡಲೇ ಹಾಡುವವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ದಿನಾಂಕ ಬಾಯಿಂದಲೇ ಹೇಳಿ. ಹತ್ತು ಸೆಕೆಂಡು ಸಾಕು. ಟಿಪ್ಪಣಿಯ ಮೊದಲ ಸಾಲಲ್ಲೂ ಅದನ್ನೇ ಬರೆಯಿರಿ, ಯುನಿಕೋಡಿನಲ್ಲೇ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇರಲಿ. ಸಾಧ್ಯವಾದರೆ ಹಾಡಿದವರ ಮನೆಗೂ ಒಂದು ಪ್ರತಿ ಕೊಡಿ. ಸೂಚಿ ಅಳಿದರೂ ಯಾರ ಹಾಡು ಅನ್ನೋದು ಆ ದನಿಯ ಜೊತೆಗೇ ಇರ್ತದ.

ಪ್ರಶ್ನೆಗಳಿದ್ದರೆ ಕೇಳ್ರಿ.