ಮೊದಲು ಮೇಲಿನ ಬೋಲ್ಟ್!

ನಮ್ಮ ಮನೆಯ ಅನ್ನ ಒಂದೇ ಒಂದು ಲಾರಿಯಿಂದ, ಸೋದರಿಯರೇ. ಹೋದ ವರ್ಷ ನಮ್ಮ ಯಜಮಾನರು ಅವಸರದಲ್ಲಿ ಕ್ರೌನ್‌ನ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಹಳೇ ಆಯಿಲೆಲ್ಲ ಇಳಿಸಿಬಿಟ್ಟರು. ಆಮೇಲೆ ನೋಡಿದರೆ, ಆಯಿಲ್ ತುಂಬುವ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿದೆ! ಹೊಸದನ್ನು ಹಾಕುವುದು ಎಲ್ಲಿಂದ? ಮೂರು ದಿನ ಲಾರಿ ನಿಂತಿತು, ಬಾಡಿಗೆ ತಪ್ಪಿತು, ಕಂತು ಕಟ್ಟಲು ನನ್ನ ಬಳೆ ಅಡವಿಗೆ ಹೋಯಿತು.

ಈ ಸಲ ಪಾನಾ ಹಿಡಿದು ನಾನೇ ಪಕ್ಕದಲ್ಲಿ ಕೂತೆ. "ಮೊದಲು ಮೇಲಿನದು ಬಿಚ್ಚಿ ನೋಡ್ರಿ" ಎಂದೆ. "ಆಯ್ತು ಕಣೇ" ಎಂದು ನಕ್ಕರು.

ನಿಮ್ಮಲ್ಲೂ ಲಾರಿಯಿದ್ದರೆ ಇಷ್ಟು ನೆನಪಿಡಿ. ಸ್ವಲ್ಪ ದೂರ ಓಡಿಸಿ ಬಂದರೆ ಆಯಿಲ್ ತೆಳುವಾಗಿ ಪೂರಾ ಇಳಿಯುತ್ತದೆ. ತೀರಾ ಬಿಸಿಯಿದ್ದರೆ ಕೈ ಸುಟ್ಟೀತು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪು ಅಂಟಿದ್ದರೆ ಗಾಬರಿ ಬೇಡ. ಕಬ್ಬಿಣದ ಚೂರು ಸಿಕ್ಕರೆ ಗೇರಿನ ಹಲ್ಲು ಮುರಿದಿರಬಹುದು. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಎರಡಕ್ಕೂ ಮೆಕ್ಯಾನಿಕ್ಕೇ ಬೇಕು.

ಹೊಸ ವಾಷರ್ ಹಾಕಿ ಕೆಳಗಿನ ಬೋಲ್ಟ್ ಬಿಗಿಮಾಡಿ. ಮೇಲಿನ ತೂತಿನ ಅಂಚಿಗೆ ಬರುವ ತನಕ ಆಯಿಲ್ ತುಂಬಿ, ಅದನ್ನೂ ಮುಚ್ಚಿ. ಗೇರ್ ಬಾಕ್ಸಿಗೂ ಇದೇ ಕ್ರಮ, ಆದರೆ ಆಯಿಲ್ ಒಂದೇ ಎಂದುಕೊಳ್ಳಬೇಡಿ. ಜಿಎಲ್-4 ಕೇಳುವ ಗೇರ್ ಬಾಕ್ಸಿಗೆ ಕ್ರೌನ್‌ನ ಜಿಎಲ್-5 ಸುರಿದರೆ ಒಳಗಿನ ಹಿತ್ತಾಳೆ ಸವೆಯಬಹುದು. ಲಾರಿಯ ಜೊತೆ ಬಂದ ಪುಸ್ತಕ ನೋಡಿಯೇ ತನ್ನಿ. ಹಳೇ ಆಯಿಲನ್ನು ಚರಂಡಿಗೆ ಚೆಲ್ಲದೆ, ಹಳೇ ಆಯಿಲ್ ಕೊಳ್ಳುವವರಿಗೇ ಕೊಡಿ.

ಬಳೆ ಇನ್ನೂ ಬಿಡಿಸಿಲ್ಲ. ಆದರೆ ಈ ಸಲ ಮಾರನೇ ಬೆಳಿಗ್ಗೆಯೇ ಲಾರಿ ಲೋಡಿಗೆ ಹೊರಟಿತು!