ಗರ್ಭಕಂಠದ ತಪಾಸಣೆ: ವರದಿ ಬಂದ ಮೇಲೆ ಏನು?

ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸುವ ಸಹೋದ್ಯೋಗಿಯೊಬ್ಬರು ಒಂದು ಸಂಜೆ ಪ್ರಯೋಗಾಲಯಕ್ಕೆ ಬಂದು, ಮಡಿಸಿದ ಕಾಗದವೊಂದನ್ನು ಮೇಜಿನ ಮೇಲಿಟ್ಟರು. ಆರೋಗ್ಯ ಶಿಬಿರವೊಂದರಲ್ಲಿ ಮಾಡಿಸಿಕೊಂಡ ಪರೀಕ್ಷೆಯ ವರದಿ. ‘ಎಚ್‌ಪಿವಿ ಡಿಎನ್‌ಎ: ಪಾಸಿಟಿವ್’ ಎಂದಿತ್ತು. ಅದರ ಕೆಳಗೆ, ಮುಂದಿನ ಪರೀಕ್ಷೆಗೆ ಬರಬೇಕೆಂಬ ಒಂದು ಸಾಲು. ತಾರೀಖು ನೋಡಿದೆ, ಏಳು ತಿಂಗಳ ಹಿಂದಿನದು!

“ಪಾಸಿಟಿವ್ ಅಂದ ಮೇಲೆ ಇನ್ನೇನು ನೋಡೋದಿದೆ ಸರ್? ಮಗಳ ಪಿಯುಸಿ ಪರೀಕ್ಷೆ ಮುಗಿಯಲಿ ಅಂತ ಸುಮ್ಮನಿದ್ದೆ” ಎಂದರು. ಷರತ್ತುಬದ್ಧ ಸಂಭವನೀಯತೆಯನ್ನು ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿರುವವರು ಅವರು. ಆ ಪಾಠ ತಮ್ಮ ಕೈಯಲ್ಲಿದ್ದ ಕಾಗದಕ್ಕೂ ಅನ್ವಯಿಸುತ್ತದೆಂದು ಅವರಿಗೆ ತೋಚಿರಲಿಲ್ಲ. ಭಯ ಹಾಗೆಯೇ. ಹೆಸರು ಹೇಳದೆ ಬರೆಯಬಹುದೆಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ನಾನು ವೈದ್ಯನಲ್ಲ, ಭೌತವಿಜ್ಞಾನದ ಮೇಷ್ಟ್ರು. ಆದರೆ ಒಂದು ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ವಿಚಾರಿಸುವುದು ನಮ್ಮ ನಿತ್ಯದ ಕೆಲಸ. ಗರ್ಭಕಂಠದ ತಪಾಸಣೆಯೂ ಒಂದು ಅಳತೆಯೇ. ಅದರ ವರದಿ ಕೊನೆಯ ತೀರ್ಪಲ್ಲ. ಮುಂದಿನ ಅಳತೆಗೆ ಕೊಡುವ ಕರೆ.

ವೈರಸ್ ಮತ್ತು ಕಾಲ

ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ವ್ಯಾಸ ಸುಮಾರು 55 ನ್ಯಾನೋಮೀಟರ್. ಒಳಗೆ ಬಳೆಯಂತೆ ಸುತ್ತಿದ ಡಿಎನ್‌ಎ, ಅದರಲ್ಲಿ ಸುಮಾರು 8,000 ಬೇಸ್ ಜೋಡಿಗಳು, ಅಷ್ಟೇ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲುಗಳ ಮೇಲೆ ನರಹುಲಿ ಬರಿಸುವವೂ ಇದೇ ಕುಟುಂಬದವು. ಇವುಗಳಲ್ಲಿ ಹನ್ನೆರಡು-ಹದಿನಾಲ್ಕು ಬಗೆಗಳನ್ನು ಮಾತ್ರ ‘ಹೆಚ್ಚು ಅಪಾಯದವು’ ಎನ್ನುತ್ತಾರೆ. ಅದರಲ್ಲೂ 16 ಮತ್ತು 18ನೇ ಬಗೆಗಳೇ ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇ. 70ಕ್ಕೆ ಕಾರಣ. ಇವೆರಡನ್ನೂ 1983 ಮತ್ತು 1984ರಲ್ಲಿ ಕ್ಯಾನ್ಸರ್ ಗೆಡ್ಡೆಗಳಲ್ಲಿ ಗುರುತಿಸಿದವರು ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಮತ್ತು ಅವರ ಸಂಗಡಿಗರು. ಅದಕ್ಕಾಗಿ ಹೌಸೆನ್‌ರಿಗೆ 2008ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಸಂದಿತು.

ವೈರಸ್ ಮಾಡುವ ಕೇಡು ಹೀಗೆ. ನಮ್ಮ ಜೀವಕೋಶಗಳಲ್ಲಿ ವಿಭಜನೆಗೆ ಕಡಿವಾಣ ಹಾಕುವ ಪ್ರೋಟೀನುಗಳಿವೆ. ಪಿ53 ಒಂದು, ಆರ್‌ಬಿ ಇನ್ನೊಂದು. ವೈರಸ್ಸಿನ ಇ6 ಎಂಬ ಪ್ರೋಟೀನು ಪಿ53ಯನ್ನು ನಾಶಗೊಳಿಸುತ್ತದೆ, ಇ7 ಎಂಬುದು ಆರ್‌ಬಿಯನ್ನು ನಿಷ್ಕ್ರಿಯಗೊಳಿಸುತ್ತದೆ. ಕಡಿವಾಣ ಕಳಚಿದ ಕೋಶ ವಿಭಜಿಸುತ್ತಲೇ ಹೋಗುತ್ತದೆ.

ಆದರೆ ಇದು ಒಂದೆರಡು ತಿಂಗಳಲ್ಲಿ ಆಗುವ ಕೆಲಸವಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಸೋಂಕುಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಎರಡು ವರ್ಷಗಳೊಳಗೆ ಅಡಗಿಸಿಬಿಡುತ್ತದೆ. ಅಪಾಯವಿರುವುದು ಉಳಿದುಕೊಳ್ಳುವ ಸೋಂಕಿನಿಂದ. ಅದು ಕೂಡ ಸಹಜ ರೋಗನಿರೋಧಕ ಶಕ್ತಿಯುಳ್ಳ ಮಹಿಳೆಯಲ್ಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಸೋಂಕಿನಂಥ ಕಾರಣದಿಂದ ನಿರೋಧಕ ಶಕ್ತಿ ಕುಂದಿದ್ದರೆ 5ರಿಂದ 10 ವರ್ಷ. ಈ ದೀರ್ಘ ಅವಧಿಯಲ್ಲಿ ಕೋಶಗಳು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತವೆ. ಬಯಾಪ್ಸಿ ವರದಿಗಳಲ್ಲಿ ಬರುವ ಸಿಐಎನ್ 1, 2, 3 ಎಂಬುವು ಆ ಮೆಟ್ಟಿಲುಗಳು. ಮೊದಲನೆಯದು ಬಹುಪಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಮೂರನೆಯದನ್ನು ಹಾಗೆ ನಂಬಿ ಬಿಡುವಂತಿಲ್ಲ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,27,000 ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 80,000 ಮಂದಿ ಸತ್ತರು. ತಡೆಯಲು ಹತ್ತಾರು ವರ್ಷ ಅವಕಾಶ ಕೊಡುವ ರೋಗದಿಂದ ಇಷ್ಟು ಸಾವು!

2,000 ಮಹಿಳೆಯರ ಲೆಕ್ಕ

ಈಗ ನನ್ನ ಸಹೋದ್ಯೋಗಿಯ ಮುಂದೆ ಕರಿಹಲಗೆಯ ಮೇಲೆ ಬರೆದ ಲೆಕ್ಕವನ್ನೇ ನಿಮಗೂ ತೋರಿಸುತ್ತೇನೆ. ಸಂಖ್ಯೆಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು. ಊರಿಂದ ಊರಿಗೆ, ವಯಸ್ಸಿನಿಂದ ವಯಸ್ಸಿಗೆ ಬದಲಾಗುತ್ತವೆ.

30 ವರ್ಷ ದಾಟಿದ 2,000 ಮಹಿಳೆಯರು ಪರೀಕ್ಷೆಗೆ ಬಂದರು ಎಂದಿಟ್ಟುಕೊಳ್ಳಿ. ಇವರಲ್ಲಿ 20 ಮಂದಿಗೆ ಚಿಕಿತ್ಸೆ ಬೇಕಾಗುವಂಥ ಬದಲಾವಣೆ, ಅಂದರೆ ಸಿಐಎನ್ 2 ಅಥವಾ 3, ನಿಜವಾಗಿಯೂ ಇದೆ. ಪರೀಕ್ಷೆ ಅಂಥವರಲ್ಲಿ ನೂರಕ್ಕೆ 95 ಮಂದಿಯನ್ನು ಹಿಡಿಯುತ್ತದೆ ಎಂದರೆ 19 ಮಂದಿ ಸಿಕ್ಕರು, ಒಬ್ಬರು ತಪ್ಪಿಹೋದರು. ಉಳಿದ 1,980 ಮಂದಿಯಲ್ಲಿ ಶೇ. 10ರಷ್ಟು ಜನರಿಗೆ ವೈರಸ್ ಇದೆ, ಬದಲಾವಣೆ ಇಲ್ಲ. ಅವರು 198 ಮಂದಿ. ಅವರ ವರದಿಯೂ ಪಾಸಿಟಿವ್ ಎಂದೇ ಬರುತ್ತದೆ.

ಒಟ್ಟು ಪಾಸಿಟಿವ್ 217. ಅವರಲ್ಲಿ ಬದಲಾವಣೆ ಇರುವವರು 19. ಅಂದರೆ ನೂರಕ್ಕೆ ಸುಮಾರು 9. ಅದರಲ್ಲೂ ಹೆಚ್ಚಿನವರಿಗೆ ಇರುವುದು ಕ್ಯಾನ್ಸರಿಗೆ ಮುಂಚಿನ ಸ್ಥಿತಿ, ಕ್ಯಾನ್ಸರ್ ಅಲ್ಲ.

ಇನ್ನೊಂದು ಸೂಕ್ಷ್ಮ ಗಮನಿಸಿ. ಆ 198 ಮಂದಿಯ ವರದಿ ‘ಸುಳ್ಳು’ ಅಲ್ಲ. ಪರೀಕ್ಷೆ ಕೇಳಿದ ಪ್ರಶ್ನೆ ‘ವೈರಸ್ಸಿನ ಡಿಎನ್‌ಎ ಇದೆಯೇ?’ ಎಂಬುದು. ಅದಕ್ಕೆ ಉತ್ತರ ಸರಿಯಾಗಿಯೇ ಇದೆ. ನಾವು ಅದನ್ನು ‘ಕ್ಯಾನ್ಸರ್ ಇದೆಯೇ?’ ಎಂಬ ಬೇರೊಂದು ಪ್ರಶ್ನೆಗೆ ಉತ್ತರವೆಂದು ಓದಿಕೊಳ್ಳುತ್ತೇವೆ.

ಹಾಗೆಂದು 9 ಎಂಬುದು ಚಿಕ್ಕ ಸಂಖ್ಯೆಯೂ ಅಲ್ಲ. ಪರೀಕ್ಷೆಗೆ ಮುಂಚೆ ಸಾಧ್ಯತೆ ನೂರಕ್ಕೆ 1 ಇತ್ತು. ಈಗ ಒಂಬತ್ತು ಪಟ್ಟಾಗಿದೆ. ‘ಮುಗಿಯಿತು’ ಎಂದು ಕೈಚೆಲ್ಲುವವರೂ ‘ಏನೂ ಆಗಿಲ್ಲ’ ಎಂದು ಸುಮ್ಮನಾಗುವವರೂ ಈ ಲೆಕ್ಕದ ಅರ್ಧವನ್ನಷ್ಟೇ ಓದಿದಂತೆ. ಅಮೆರಿಕದ ತಜ್ಞ ಸಂಘಗಳು 2019ರ ಮಾರ್ಗಸೂಚಿಯಲ್ಲಿ ಇಂಥ ಸಾಧ್ಯತೆಯ ಮೇಲೆಯೇ ನಿರ್ಧಾರ ಕೂರಿಸಿವೆ. ಈ ಹೊತ್ತಿನಲ್ಲಿ ಸಿಐಎನ್ 3 ಅಥವಾ ಅದಕ್ಕಿಂತ ಮುಂದಿನ ಸ್ಥಿತಿ ಇರುವ ಸಾಧ್ಯತೆ ಶೇ. 4 ಮುಟ್ಟಿದರೆ ಕಾಲ್ಪೊಸ್ಕೋಪಿ ಮಾಡಬೇಕು ಎಂಬುದು ಅಲ್ಲಿನ ಸೂತ್ರ. ನೂರರಲ್ಲಿ 96 ಮಂದಿಗೆ ಆ ಸ್ಥಿತಿ ಇರುವುದಿಲ್ಲ ಎಂದು ಗೊತ್ತಿದ್ದೇ ನೂರು ಮಂದಿಯನ್ನೂ ಕರೆಯುತ್ತಾರೆ, ಉಳಿದ ನಾಲ್ವರಿಗಾಗಿ.

ಮುಂದಿನ ಪರೀಕ್ಷೆ ಯಾವುದು? 16 ಅಥವಾ 18ನೇ ಬಗೆ ಕಂಡರೆ ಸಾಮಾನ್ಯವಾಗಿ ನೇರವಾಗಿ ಕಾಲ್ಪೊಸ್ಕೋಪಿ. ಬೇರೆ ಬಗೆಯಾದರೆ ಮೊದಲು ಪ್ಯಾಪ್ ಪರೀಕ್ಷೆ ಮಾಡುವುದುಂಟು. ಇದು ಗರ್ಭಕಂಠದಿಂದ ಕೋಶಗಳನ್ನು ಮೆದುವಾಗಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ. ಗ್ರೀಸ್ ಮೂಲದ ಜಾರ್ಜ್ ಪಾಪನಿಕೊಲಾವ್ ರೂಪಿಸಿದ್ದು. ಅದರ ವರದಿಯಲ್ಲಿ ‘ಎಎಸ್‌ಸಿ-ಯುಎಸ್’ ಎಂದಿದ್ದರೆ ಕೋಶಗಳು ಸಹಜವಾಗಿಲ್ಲ, ಏನೆಂದು ಖಚಿತವಾಗಿ ಹೇಳಲಾಗದು ಎಂದರ್ಥ. ‘ಎಲ್‌ಎಸ್‌ಐಎಲ್’ ಎಂದರೆ ಸಣ್ಣ ಮಟ್ಟದ ವ್ಯತ್ಯಾಸ. ‘ಎಚ್‌ಎಸ್‌ಐಎಲ್’ ಎಂದರೆ ದೊಡ್ಡ ಮಟ್ಟದ್ದು, ತಡಮಾಡಬಾರದು. ಎಚ್‌ಪಿವಿ ಪಾಸಿಟಿವ್ ಇದ್ದು ಎರಡನೆಯ ಪರೀಕ್ಷೆ ಸಹಜವೆಂದು ಬಂದರೆ 24 ತಿಂಗಳ ನಂತರ ಮತ್ತೆ ಎಚ್‌ಪಿವಿ ಪರೀಕ್ಷೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಕೆಲವು ದೇಶಗಳಲ್ಲಿ ಒಂದು ವರ್ಷಕ್ಕೇ ಕರೆಯುತ್ತಾರೆ. ಇಲ್ಲಿ ಕಾಲವೇ ಒಂದು ಪರೀಕ್ಷೆ: ವೈರಸ್ ಹೋಗುವುದೋ ಉಳಿಯುವುದೋ ನೋಡುವುದು.

ವಿನೆಗರ್, ಅಯೊಡಿನ್, ಹಸಿರು ಬೆಳಕು

ಕಾಲ್ಪೊಸ್ಕೋಪ್ ಎಂಬ ಹೆಸರಿಗೆ ಹೆದರಬೇಕಿಲ್ಲ. ಅದು ಕಾಲುಗಳ ಮೇಲೆ ನಿಂತ, ಎರಡು ಕಣ್ಣಿನಿಂದ ನೋಡುವ ವರ್ಧಕ. ದೇಹದ ಹೊರಗೇ ಇರುತ್ತದೆ. ಹ್ಯಾಂಬರ್ಗಿನ ಹ್ಯಾನ್ಸ್ ಹಿನ್ಸೆಲ್ಮನ್ 1925ರಲ್ಲಿ ಇದನ್ನು ಬಳಕೆಗೆ ತಂದರು. ನಮ್ಮಂಥ ಭೌತವಿಜ್ಞಾನದವರಿಗೆ ಇದು ಹಬ್ಬದೂಟ.

ವೈದ್ಯರು ಮೊದಲು ಶೇ. 3ರಿಂದ 5ರಷ್ಟು ಅಸೆಟಿಕ್ ಆಮ್ಲ ಹಚ್ಚುತ್ತಾರೆ. ಅಡುಗೆಮನೆಯ ವಿನೆಗರ್‌ನಷ್ಟೇ ಸಾಂದ್ರತೆ. ಒಂದು ನಿಮಿಷದಲ್ಲಿ ಬದಲಾವಣೆಯಾದ ಜಾಗ ಬೆಳ್ಳಗಾಗುತ್ತದೆ. ಏಕೆ? ಕೋಳಿಮೊಟ್ಟೆಯ ‘ಬಿಳಿ’ ಹಸಿಯಾಗಿದ್ದಾಗ ಪಾರದರ್ಶಕ. ಬೇಯಿಸಿದರೆ ಪ್ರೋಟೀನುಗಳು ಮುದ್ದೆಗಟ್ಟಿ, ಬೆಳಕನ್ನು ಚದುರಿಸಿ ಬೆಳ್ಳಗಾಗುತ್ತದೆ. ಇಲ್ಲಿಯೂ ಬಹುಮಟ್ಟಿಗೆ ಅದೇ, ಆದರೆ ತಾತ್ಕಾಲಿಕ. ಸಹಜ ಮೇಲ್ಪದರ ಅರೆಪಾರದರ್ಶಕ. ಬೆಳಕು ಅದನ್ನು ದಾಟಿ ಕೆಳಗಿನ ರಕ್ತನಾಳಗಳವರೆಗೆ ಹೋಗಿ ಮರಳುವುದರಿಂದ ಗುಲಾಬಿಯಾಗಿ ಕಾಣುತ್ತದೆ. ಬದಲಾದ ಕೋಶಗಳಲ್ಲಿ ನ್ಯೂಕ್ಲಿಯಸ್ ದೊಡ್ಡದು, ಕೋಶಗಳೂ ಒತ್ತೊತ್ತಾಗಿವೆ, ಪ್ರೋಟೀನು ಹೆಚ್ಚು. ಆಮ್ಲ ತಗುಲಿದಾಗ ಬೆಳಕು ಅಲ್ಲೇ ಚದುರಿ ಹಿಂದಿರುಗುತ್ತದೆ, ಕೆಳಗಿನ ಕೆಂಪು ಕಾಣಿಸುವುದಿಲ್ಲ. ಕೆಲವು ನಿಮಿಷಗಳಲ್ಲಿ ಬಿಳುಪು ಮಾಸುತ್ತದೆ.

ಆಮೇಲೆ ಹಸಿರು ಫಿಲ್ಟರ್. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನವಿರಾದ ರಕ್ತನಾಳಗಳು ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. ಅವುಗಳ ವಿನ್ಯಾಸ ವೈದ್ಯರಿಗೆ ಬಹಳ ಹೇಳುತ್ತದೆ. ಕೊನೆಗೆ ಅಯೊಡಿನ್. ಆಲೂಗೆಡ್ಡೆಯ ಮೇಲೆ ಅಯೊಡಿನ್ ಹಾಕಿ ಪಿಷ್ಟ ಪರೀಕ್ಷೆ ಮಾಡಿಸಿದ್ದೀರಲ್ಲ? ಪಕ್ವವಾದ ಸಹಜ ಕೋಶಗಳಲ್ಲಿ ಪಿಷ್ಟದ ಬಂಧುವಾದ ಗ್ಲೈಕೋಜನ್ ಇರುವುದರಿಂದ ಅವು ಗಾಢ ಕಂದು ಬಣ್ಣಕ್ಕೆ ತಿರುಗುತ್ತವೆ. ಬದಲಾದ ಜಾಗ ಸಾಸಿವೆಯ ಹಳದಿಯಾಗಿ ಉಳಿಯುತ್ತದೆ.

ಆದರೆ ಉರಿಯೂತವೂ, ಪಕ್ವವಾಗದ ಸಹಜ ಕೋಶಗಳೂ ಬೆಳ್ಳಗಾಗಬಹುದು. ಆದ್ದರಿಂದ ಅನುಮಾನದ ಜಾಗದಿಂದ ಎರಡು-ಮೂರು ಮಿಲಿಮೀಟರ್ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಚಿವುಟಿದಂತೆ ನೋವು, ಒಂದೆರಡು ದಿನ ಸ್ವಲ್ಪ ರಕ್ತ. ಸಿಐಎನ್ ಎಷ್ಟು ಎಂದು ನಿರ್ಧರಿಸುವುದು ಇದೇ.

ನಮ್ಮ ದೇಶದಲ್ಲಿ ವಿನೆಗರ್ ಪರೀಕ್ಷೆಗೆ ಬೇರೆ ಮಹತ್ವವೂ ಇದೆ. ವರ್ಧಕವಿಲ್ಲದೆ ಬರಿಗಣ್ಣಿನಿಂದ ನೋಡುವ ಇದೇ ವಿಧಾನವನ್ನು, 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ತಪಾಸಣೆ ಆಗಿದೆ ಎಂದ ಮಹಿಳೆಯರು ಶೇ. 2ಕ್ಕಿಂತ ಕಡಿಮೆ. ಇನ್ನು ನೆಗೆಟಿವ್ ಬಂದರೆ ಎಷ್ಟು ನಂಬಬಹುದು? ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗಿನ ಧಾರಾಶಿವ) 1,31,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರಿಸುತ್ತದೆ. ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆ ಮತ್ತು ಅದರ ನಂತರದ ಚಿಕಿತ್ಸೆಯಿಂದ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ವಿನೆಗರ್ ಅಥವಾ ಪ್ಯಾಪ್ ಪರೀಕ್ಷೆಯಲ್ಲಿ ನೆಗೆಟಿವ್ ಬಂದವರಲ್ಲಿ ನಂತರ ಕ್ಯಾನ್ಸರ್ ಕಂಡ ಪ್ರಮಾಣ, ಎಚ್‌ಪಿವಿ ನೆಗೆಟಿವ್ ಬಂದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು.

ಆಕ್ಲೆಂಡಿನಲ್ಲಿ ನಡೆದದ್ದು

ಮುಂದಿನ ಹೆಜ್ಜೆ ಇಡದಿದ್ದರೆ ಏನಾಗುತ್ತದೆ? ಇಂಥ ಪ್ರಯೋಗವನ್ನು ಯಾರೂ ಮಾಡಬಾರದು. ಆದರೆ ಅದು ನಡೆದುಹೋಗಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ವೈದ್ಯರು, ಇಂದು ನಾವು ಸಿಐಎನ್ 3 ಎನ್ನುವ ಸ್ಥಿತಿ ಕ್ಯಾನ್ಸರಿಗೆ ತಿರುಗುವುದೆಂಬುದನ್ನೇ ಒಪ್ಪುತ್ತಿರಲಿಲ್ಲ. 1966ರಲ್ಲಿ ಆಸ್ಪತ್ರೆಯ ಒಪ್ಪಿಗೆ ಪಡೆದು, ಹಲವು ಮಹಿಳೆಯರಿಗೆ ಪೂರ್ಣ ಚಿಕಿತ್ಸೆ ಕೊಡದೆ ‘ಗಮನಿಸುತ್ತಾ’ ಹೋದರು. ತಾವು ಅಧ್ಯಯನವೊಂದರ ಭಾಗ ಎಂಬುದು ಆ ಮಹಿಳೆಯರಿಗೆ ತಿಳಿದಿರಲಿಲ್ಲ. 1984ರಲ್ಲಿ ಅದೇ ಆಸ್ಪತ್ರೆಯ ಸಹೋದ್ಯೋಗಿಗಳು ಅಂಕಿಅಂಶ ಪ್ರಕಟಿಸಿದರು. 1987ರಲ್ಲಿ ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕ್ಲ್ ಪತ್ರಿಕೆಯೊಂದರಲ್ಲಿ ವಿಷಯ ಬಯಲು ಮಾಡಿದರು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ತನಿಖಾ ವರದಿ 1988ರಲ್ಲಿ ಹೊರಬಂತು.

ಅಲ್ಲಿನ ದಾಖಲೆಗಳನ್ನು ಮರಳಿ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಬಯಾಪ್ಸಿಯನ್ನಷ್ಟೇ ಮಾಡಿ ಬಿಟ್ಟ ಮಹಿಳೆಯರಲ್ಲಿ 30 ವರ್ಷಗಳಲ್ಲಿ ಸುಮಾರು ಶೇ. 31ರಷ್ಟು ಮಂದಿಗೆ ಕ್ಯಾನ್ಸರ್. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಶೇ. 0.7. ಈ ಎರಡು ಸಂಖ್ಯೆಗಳಿಗೆ ಆ ಮಹಿಳೆಯರು ತೆತ್ತ ಬೆಲೆ ದೊಡ್ಡದು. ವರದಿಯನ್ನು ಮಡಿಸಿ ಪುಸ್ತಕದಲ್ಲಿ ಇಟ್ಟುಕೊಳ್ಳುವಾಗ ನಾವು ನಮ್ಮ ಮೇಲೆ ಮಾಡಿಕೊಳ್ಳುವುದು ಅದೇ ಪ್ರಯೋಗವನ್ನು.

ಚಿಕಿತ್ಸೆ, ಮತ್ತೆ ಪರೀಕ್ಷೆ

ಚಿಕಿತ್ಸೆ ಸರಳ. ಶೈತ್ಯ ಚಿಕಿತ್ಸೆಯಲ್ಲಿ ಒತ್ತಡದಲ್ಲಿರುವ ನೈಟ್ರಸ್ ಆಕ್ಸೈಡ್ ಅಥವಾ ಇಂಗಾಲದ ಡೈಆಕ್ಸೈಡ್ ಸಣ್ಣ ರಂಧ್ರದಿಂದ ಹಿಗ್ಗಿ ತಣ್ಣಗಾಗುತ್ತದೆ. ಪದವಿ ತರಗತಿಯ ಜೂಲ್-ಥಾಮ್ಸನ್ ಪರಿಣಾಮವೇ! ಮೂರು ನಿಮಿಷ ಹೆಪ್ಪುಗಟ್ಟಿಸಿ, ಐದು ನಿಮಿಷ ಬಿಟ್ಟು, ಮತ್ತೆ ಮೂರು ನಿಮಿಷ. ಇನ್ನೊಂದರಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಕಾಯಿಸಿದ ಶಲಾಕೆಯನ್ನು ಅರ್ಧ ನಿಮಿಷದಷ್ಟು ಒತ್ತುತ್ತಾರೆ. ಜಾಗ ದೊಡ್ಡದಿದ್ದರೆ ಅಥವಾ ಒಳನಾಳಕ್ಕೆ ಹರಡಿದ್ದರೆ, ಉಚ್ಚ ಆವೃತ್ತಿಯ ವಿದ್ಯುತ್ ಹರಿಯುವ ತಂತಿ ಕುಣಿಕೆಯಿಂದ ಆ ಭಾಗವನ್ನು ತೆಗೆಯುತ್ತಾರೆ. ಗರ್ಭಕೋಶ ತೆಗೆಸಲೇಬೇಕೆಂದು ಯಾರಾದರೂ ಅವಸರಪಡಿಸಿದರೆ, ಏಕೆಂದು ಕೇಳಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಚಿಕಿತ್ಸೆಯಾದ 12 ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ ಆಗಬೇಕು. ಬಹುತೇಕರು ಬಿಟ್ಟುಬಿಡುವುದು ಇದನ್ನೇ. ಲಸಿಕೆ ಹಾಕಿಸಿಕೊಂಡವರೂ ತಪಾಸಣೆ ಬಿಡುವಂತಿಲ್ಲ. ಲಸಿಕೆ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ, ಈಗಾಗಲೇ ಇರುವ ಸೋಂಕನ್ನು ವಾಸಿ ಮಾಡುವುದೂ ಇಲ್ಲ.

ಮನೆಗಳಲ್ಲಿ ಕೇಳಿಬರುವ ಒಂದು ಮಾತಿಗೂ ಉತ್ತರ ಹೇಳಬೇಕು. ಈ ವೈರಸ್ ಲೈಂಗಿಕ ಸಂಪರ್ಕದಿಂದ ಬರುವುದೆಂದು ತಿಳಿದ ಕೂಡಲೇ ‘ಯಾರಿಂದ ಬಂತು?’ ಎಂಬ ಜಗಳ ಶುರುವಾಗುತ್ತದೆ. ವಿವಾಹಿತರಲ್ಲಿ ಬಹುಪಾಲು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ತಗುಲಿರುತ್ತದೆ. ಅದು ವರ್ಷಗಟ್ಟಲೆ ಪತ್ತೆಯಾಗದಷ್ಟು ಅಡಗಿದ್ದು ಮತ್ತೆ ಕಾಣಿಸಿಕೊಳ್ಳಬಹುದು. ಯಾವಾಗ, ಯಾರಿಂದ ಎಂದು ಹೇಳುವ ಸಾಮರ್ಥ್ಯ ಈ ಪರೀಕ್ಷೆಗೆ ಇಲ್ಲ. ಇಲ್ಲದ ಮಾಹಿತಿಯನ್ನು ಅಳತೆಯಿಂದ ಹಿಂಡಲಾಗದು.

ನನ್ನ ಸಹೋದ್ಯೋಗಿ ಮರುವಾರವೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದರು. ಬಯಾಪ್ಸಿಯಲ್ಲಿ ಸಿಐಎನ್ 2 ಎಂದು ಬಂತು. ತಂತಿ ಕುಣಿಕೆಯ ಚಿಕಿತ್ಸೆ ಮುಗಿಸಿ ಅದೇ ದಿನ ಸಂಜೆ ಮನೆಗೆ ಬಂದರು, ನಾಲ್ಕನೆಯ ದಿನ ತರಗತಿ ತೆಗೆದುಕೊಂಡರು. ಹನ್ನೆರಡು ತಿಂಗಳ ಪರೀಕ್ಷೆ ಬರುವ ತಿಂಗಳು ಇದೆ.